ಕಟ್ಟಡ ಎದ್ದರೆ ವ್ಯಾಪಾರ ಎದ್ದಂತಲ್ಲ

ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟಿದರೆ ಮೈಸೂರಿನ ವ್ಯಾಪಾರ ತಾನಾಗಿ ಚೇತರಿಸುತ್ತದೆ ಎಂಬ ಈಚಿನ ಲೇಖನದ ವಾದವನ್ನು ಒಪ್ಪಲಾಗದು.

ಈ ಹಳೆಯ ಕಟ್ಟಡಗಳ ಅಪಾಯ ಸುಳ್ಳಲ್ಲ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿತು. 2023ರಲ್ಲಿ ಹೈಕೋರ್ಟ್ ಕೂಡ ಕೆಡವಲು ಅಡ್ಡಿಯಿಲ್ಲ ಎಂದಿತು. ಆದರೆ ಕುಸಿತದ ನಂತರ ಲ್ಯಾನ್ಸ್‌ಡೌನ್ ಮಳಿಗೆಗಳು ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡಿದ್ದವು. ವ್ಯಾಪಾರಿಗಳನ್ನು ಎಬ್ಬಿಸುವುದರಲ್ಲಿ ಇದ್ದ ಅವಸರ ಮತ್ತೆ ನೆಲೆಗೊಳಿಸುವುದರಲ್ಲಿ ಕಾಣಲಿಲ್ಲ. ಈ ಅನುಭವ ಲೇಖನದಲ್ಲಿ ಒಂದು ಸಾಲಿಗೂ ಬಂದಿಲ್ಲ.

ನಮ್ಮ ಒಂಟಿಕೊಪ್ಪಲಿನಂಥ ಬಡಾವಣೆಗಳಲ್ಲಿ ಹೂ ಮಾರುವ ಹೆಂಗಸರು ಬೆಳಗಿನ ಜಾವ ಮಾರುಕಟ್ಟೆಯಿಂದ ಸಾಲಕ್ಕೆ ಬಿಡಿ ಮಲ್ಲಿಗೆ ತಂದು, ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರಿ, ಮರುದಿನ ಬಾಕಿ ತೀರಿಸುತ್ತಾರೆ. ಈ ಸಾಲಕ್ಕೆ ಪತ್ರವಿಲ್ಲ, ಮುಖಪರಿಚಯವೇ ಆಧಾರ. ಅಂಗಡಿಯವರು ದಿಕ್ಕಾಪಾಲಾದರೆ ಈ ಕೊಂಡಿ ಕಳಚುತ್ತದೆ. ಅದನ್ನು ಯಾವ ಗುತ್ತಿಗೆದಾರನೂ ಮತ್ತೆ ಕಟ್ಟಿಕೊಡಲಾರ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಪ್ರತಿನಿಧಿಗಳು ವ್ಯಾಪಾರಿಗಳೇ ಆಗಿರಬೇಕು. ಮಳಿಗೆದಾರರಿಗೂ ಅಂಥದೇ ದನಿ ಸಿಗಲಿ. ಕಟ್ಟಡಕ್ಕೆ ಕೈಹಚ್ಚುವ ಮೊದಲು ಪಾಲಿಕೆ ಮೂರು ವಿಷಯ ಪ್ರಕಟಿಸಲಿ: ಯಾರಿಗೆ ಎಲ್ಲಿ ತಾತ್ಕಾಲಿಕ ಜಾಗ, ಮರಳುವ ದಿನ ಯಾವುದು, ಮರಳಿದಾಗ ಬಾಡಿಗೆ ಎಷ್ಟು. ಇವಿಷ್ಟೂ ಬರವಣಿಗೆಯಲ್ಲಿ ಸಿಗುವವರೆಗೆ ಈ ಯೋಜನೆಯನ್ನು ಪುನಶ್ಚೇತನ ಎನ್ನಲಾಗದು.

– ಓದುಗ, ಒಂಟಿಕೊಪ್ಪಲ್, ಮೈಸೂರು