ಇಪ್ಪತ್ತು ನಿಮಿಷದ ಹಾದಿ, ಐದು ಗಂಟೆಯ ಪಯಣ

ಬೆಂಗಳೂರು ಮತ್ತು ಚೆನ್ನೈ ವಿಮಾನ ನಿಲ್ದಾಣಗಳ ನಡುವಣ ನೇರ ಅಂತರ ಸುಮಾರು 270 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದ ಜೆಟ್ ವಿಮಾನಕ್ಕೆ ಇದು ಇಪ್ಪತ್ತು ನಿಮಿಷದ ಹಾದಿ. ವೇಳಾಪಟ್ಟಿ ತೋರಿಸುವುದು ಮಾತ್ರ ಒಂದು ಗಂಟೆಯ ಆಸುಪಾಸು. ಇದರಲ್ಲಿ ವಂಚನೆಯೇನೂ ಇಲ್ಲ. ವಿಮಾನವು ನಿಂತಲ್ಲಿಂದ ಕದಲಿದ ಕ್ಷಣದಿಂದ ಗಮ್ಯಸ್ಥಾನದಲ್ಲಿ ಬಂದು ನಿಲ್ಲುವವರೆಗಿನ ಅವಧಿ ಅದು. ರನ್‌ವೇಗೆ ಸಾಗುವುದು, ಸರದಿ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಅದರಲ್ಲಿ ಅಡಕ. ಇಷ್ಟು ಕಿರಿದಾದ ಮಾರ್ಗದಲ್ಲಿ ವಿಮಾನವು ಪೂರ್ಣ ವೇಗ ಪಡೆಯುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭವಾಗಿರುತ್ತದೆ.

ಪ್ರಯಾಣಿಕನ ಲೆಕ್ಕವೇ ಬೇರೆ. ಜಯನಗರದಿಂದ ದೇವನಹಳ್ಳಿಗೆ ಬೆಳಗಿನ ಸಂಚಾರದಲ್ಲಿ ಒಂದೂಮುಕ್ಕಾಲು ಗಂಟೆ, ತಪಾಸಣೆ ಮತ್ತು ಕಾಯುವಿಕೆಗೆ ಒಂದೂವರೆ, ಹಾರಾಟಕ್ಕೆ ಒಂದು, ಸಾಮಾನು ಪಡೆದು ಚೆನ್ನೈ ನಗರದೊಳಗೆ ತಲುಪಲು ಮತ್ತೊಂದು. ಒಟ್ಟು ಐದು ಗಂಟೆ ಮೀರುತ್ತದೆ. ವಂದೇ ಭಾರತ್ ರೈಲು ಮೆಜೆಸ್ಟಿಕ್‌ನಿಂದ ಚೆನ್ನೈ ಸೆಂಟ್ರಲ್‌ಗೆ ಸುಮಾರು ನಾಲ್ಕೂವರೆ ಗಂಟೆ ತೆಗೆದುಕೊಳ್ಳುತ್ತದೆ. ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ ಎರಡೂ ಹೆಚ್ಚುಕಡಿಮೆ ಸಮ. ಆ ರೈಲಿಗೆ ಹಸಿರು ನಿಶಾನೆ ದೊರೆತದ್ದು ಮತ್ತು ದೇವನಹಳ್ಳಿಯ ಎರಡನೇ ಟರ್ಮಿನಲ್ ಉದ್ಘಾಟನೆಗೊಂಡದ್ದು ಒಂದೇ ದಿನ, 2022ರ ನವೆಂಬರ್ 11ರಂದು!

ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ನೆಲದ ಮೇಲೆ ಕಳೆಯುವ ನಾಲ್ಕು ಗಂಟೆ ಒಂದು ನಿಶ್ಚಿತ ವೆಚ್ಚ. ಸುಮಾರು 1,700 ಕಿ.ಮೀ. ದೂರದ ದೆಹಲಿಗೆ ಹೋಗುವವರಿಗೆ ಅದು ಭಾರವೆನಿಸದು. 270 ಕಿ.ಮೀ. ಪಯಣದಲ್ಲಿ ಅದೇ ಮುಖ್ಯ ವೆಚ್ಚ.

ಈ ಮಾತು ಈಗ ಮುಖ್ಯವಾಗಲು ಕಾರಣವಿದೆ. 2008ರಲ್ಲಿ ಕಾರ್ಯಾರಂಭ ಮಾಡಿದ ದೇವನಹಳ್ಳಿ ನಿಲ್ದಾಣದ ಒಪ್ಪಂದವು, ಮೈಸೂರು ಮತ್ತು ಹಾಸನವನ್ನು ಹೊರತುಪಡಿಸಿ, 150 ಕಿ.ಮೀ. ವ್ಯಾಪ್ತಿಯಲ್ಲಿ 25 ವರ್ಷ ಮತ್ತೊಂದು ನಿಲ್ದಾಣಕ್ಕೆ ಅವಕಾಶ ನೀಡುವುದಿಲ್ಲ. ಆ ಅವಧಿ 2033ಕ್ಕೆ ಮುಗಿಯುತ್ತದೆ. ಎರಡನೇ ನಿಲ್ದಾಣಕ್ಕಾಗಿ ಕನಕಪುರ ರಸ್ತೆ ಹಾಗೂ ನೆಲಮಂಗಲ–ಕುಣಿಗಲ್ ಕಡೆಯ ಜಾಗಗಳನ್ನು 2025ರಲ್ಲಿ ಪರಿಶೀಲಿಸಲಾಯಿತು. ಇಂತಹ ಕಡತಗಳಲ್ಲಿ ಎಕರೆ, ಗುಡ್ಡ, ರನ್‌ವೇಯ ದಿಕ್ಕುಗಳ ವಿವರ ಧಾರಾಳವಾಗಿರುತ್ತದೆ. ಮನೆಯಿಂದ ವಿಮಾನದ ಬಾಗಿಲಿನವರೆಗಿನ ಸಮಯಕ್ಕೆ ಮಾತ್ರ ಪ್ರತ್ಯೇಕ ಕಾಲಂ ಇರುವುದಿಲ್ಲ. ಸೇವೆಯಲ್ಲಿದ್ದಾಗ ನಾನು ಕಂಡ ಯೋಜನಾ ಟಿಪ್ಪಣಿಗಳ ಸಾಮಾನ್ಯ ಲಕ್ಷಣವಿದು. ದೇವನಹಳ್ಳಿಗೆ ಹೋಗುವ ಮೆಟ್ರೊ ಮಾರ್ಗಕ್ಕೆ ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2021ರಲ್ಲಿ, ಅಂದರೆ ನಿಲ್ದಾಣ ತೆರೆದ ಹದಿಮೂರು ವರ್ಷಗಳ ನಂತರ. ಮೀನಂಬಾಕ್ಕಂಗೆ ಉಪನಗರ ರೈಲು ಹಿಂದಿನಿಂದಲೂ ಇದೆ. ಮೆಟ್ರೊ 2016ರಲ್ಲೇ ಬಂತು.

ಆದರೆ ಚೆನ್ನೈ ಸಹ ಅದೇ ಹಾದಿ ಹಿಡಿಯುವ ಲಕ್ಷಣವಿದೆ. ಅಲ್ಲಿನ ಎರಡನೇ ನಿಲ್ದಾಣಕ್ಕೆ 2022ರಲ್ಲಿ ಆಯ್ಕೆಯಾದ ಪರಂದೂರು ನಗರದಿಂದ ಸುಮಾರು 70 ಕಿ.ಮೀ. ದೂರ, ಅದೂ ಬೆಂಗಳೂರಿನ ದಿಕ್ಕಿಗೆ. ಅಲ್ಲಿಗೆ ವಿಮಾನದ ಹಾದಿ ಕಿರಿದಾಗುತ್ತದೆ, ಪ್ರಯಾಣಿಕನದು ಹಿಗ್ಗುತ್ತದೆ.

ನಮ್ಮ ಎರಡನೇ ನಿಲ್ದಾಣದ ಜಾಗ ಅಂತಿಮಗೊಳ್ಳುವ ಮುನ್ನ ಸರ್ಕಾರ ಒಂದು ಕೋಷ್ಟಕ ಪ್ರಕಟಿಸಲಿ: ವೈಟ್‌ಫೀಲ್ಡ್, ಯಲಹಂಕ, ರಾಜಾಜಿನಗರ, ತುಮಕೂರಿನಿಂದ ಪ್ರತಿಯೊಂದು ಜಾಗಕ್ಕೂ ಬೆಳಿಗ್ಗೆ ಎಂಟು ಗಂಟೆಗೆ ಬಸ್ಸಿನಲ್ಲಿ ಎಷ್ಟು ಹೊತ್ತು, ಕಾರಿನಲ್ಲಿ ಎಷ್ಟು, ರೈಲು ಬಂದರೆ ಯಾವ ವರ್ಷ ಎಂದು. ಇದಕ್ಕೆ ವಿದೇಶಿ ಸಲಹೆಗಾರರ ಅಗತ್ಯವಿಲ್ಲ.