ಗೋಡೆಯಿಲ್ಲದ ಗಡಿ

ಒಂದು ಜೀವಿಜಾತಿ ಎರಡಾಗಿ ಕವಲೊಡೆಯಬೇಕಾದರೆ ನಡುವೆ ಬೆಟ್ಟವೋ ಕಡಲೋ ಅಡ್ಡ ಬರಬೇಕೆಂದು ನಮ್ಮಲ್ಲಿ ಬಹುಮಂದಿ ಓದಿದ್ದೇವೆ. ಭೌತವಿಜ್ಞಾನವನ್ನು ಬೋಧಿಸುವ ನನಗೂ ಈ ಮಾತು ಸಹಜವಾಗಿಯೇ ತೋರಿತ್ತು. ಆದರೆ ಕಾಲವೂ ಒಂದು ಬಗೆಯ ದೂರವೇ ಎಂಬುದನ್ನು ಅಮೆರಿಕದ ಸೇಬಿನ ತೋಟದ ನೊಣವೊಂದು ತೋರಿಸಿಕೊಟ್ಟಿದೆ.

ಈ ನೊಣದ ಮರಿಹುಳುಗಳು ಮೊದಲು ಬೆಳೆಯುತ್ತಿದ್ದುದು ಹಾಥಾರ್ನ್ ಎಂಬ ಕಾಡುಮರದ ಹಣ್ಣಿನಲ್ಲಿ. ಯೂರೋಪಿನವರು ಸೇಬನ್ನು ತಂದು ಬೆಳೆಸಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಕೆಲವು ನೊಣಗಳು ಸೇಬಿಗೆ ಬಿಡಾರ ಬದಲಿಸಿದುವು. ಆಹಾರದ ಗಿಡ ಬದಲಾದರೆ ಹೊಸ ಜಾತಿ ಹುಟ್ಟಬಹುದೆಂದು ಬೆಂಜಮಿನ್ ವಾಲ್ಷ್ ಎಂಬ ಕೀಟಶಾಸ್ತ್ರಜ್ಞರು 1864ರಲ್ಲಿಯೇ ಸೂಚಿಸಿದ್ದರು. ಸೇಬು ಹಾಥಾರ್ನಿಗಿಂತ ಮೂರು ನಾಲ್ಕು ವಾರ ಮುಂಚೆ ಮಾಗುತ್ತದೆ. ರೆಕ್ಕೆ ಬಂದ ನೊಣದ ಆಯುಸ್ಸಾದರೋ ಸುಮಾರು ಒಂದು ತಿಂಗಳು. ಅದು ಜೊತೆಗೂಡುವುದೂ ತನ್ನ ಹಣ್ಣಿನ ಮೇಲೆಯೇ. ಹೀಗಾಗಿ ಎರಡು ಬಳಗಗಳೂ ಒಂದೇ ಬಯಲಿನಲ್ಲಿದ್ದರೂ ತಲೆಮಾರಿಗೆ ಶೇಕಡ 4ರಿಂದ 6ರಷ್ಟು ಮಾತ್ರ ಬೆರೆಯುತ್ತವೆಂದು ಅಂದಾಜು. ಅವುಗಳ ಆನುವಂಶಿಕ ವ್ಯತ್ಯಾಸ 1988ರಲ್ಲಿ ಖಚಿತಪಟ್ಟಿತು.

ಇದಕ್ಕಿಂತಲೂ ಸ್ವಾರಸ್ಯವಾದ ಸಂಗತಿ ಇನ್ನೊಂದುಂಟು. ಈ ಮರಿಹುಳುವಿನೊಳಗೆ ಮೊಟ್ಟೆಯಿಟ್ಟು, ಅದನ್ನೇ ತಿಂದು ಬೆಳೆಯುವ ಪರೋಪಜೀವಿ ಕಣಜವೊಂದಿದೆ. 2009ರಲ್ಲಿ ಆಂಡ್ರ್ಯೂ ಫೋರ್ಬ್ಸ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿದಾಗ, ಸೇಬಿನ ಹುಳುವಿನಿಂದ ಬಂದ ಕಣಜಗಳೂ ಹಾಥಾರ್ನಿನ ಹುಳುವಿನಿಂದ ಬಂದವೂ ಬೇರೆಬೇರೆಯಾಗಿ ಕವಲೊಡೆಯುತ್ತಿರುವುದು ಕಂಡುಬಂದಿತು. ಅವು ತಮ್ಮ ಹಣ್ಣಿನ ವಾಸನೆಗೆ ಒಲಿಯುತ್ತವೆ, ಮತ್ತೊಂದರ ವಾಸನೆಯಿಂದ ದೂರ ಸರಿಯುತ್ತವೆ. ಹೊರಬರುವ ಕಾಲವೂ ಬೇರೆ. ನೊಣ ಒಡೆದ ದಾರಿಯಲ್ಲಿ ಕಣಜವೂ ಒಡೆಯಿತು.

ಇದು ಬರಿಯ ಕೌತುಕವೆಂದು ತಳ್ಳಿಹಾಕುವಂತಿಲ್ಲ. 2010ರಲ್ಲಿ ಪಪ್ಪಾಯಿಯ ಹಿಟ್ಟುತಿಗಣೆಯನ್ನು ಹತ್ತಿಕ್ಕಲು ಪೋರ್ಟೊರಿಕೊದಿಂದ ತರಿಸಿದ ಪರೋಪಜೀವಿ ಕಣಜಗಳನ್ನು ನಮ್ಮ ದೇಶದಲ್ಲಿಯೂ ಬಿಡಲಾಯಿತು. ಇಂತಹ ಕಾರ್ಯಗಳಲ್ಲಿ ಕೀಟದ ಹೆಸರೊಂದನ್ನೇ ನಂಬಿದರೆ ಸಾಲದೆಂಬುದು ನನ್ನ ಅಭಿಪ್ರಾಯ. ಒಂದೇ ಹೆಸರಿನ ಎರಡು ಬಳಗಗಳಲ್ಲಿ ಒಂದು ರೈತನಿಗೆ ಒದಗಿ, ಇನ್ನೊಂದು ಒದಗದೆ ಹೋಗಬಹುದು. ಆದುದರಿಂದ ಕೀಟವು ಯಾವ ಹುಳುವಿನಲ್ಲಿ, ಯಾವ ಗಿಡದಲ್ಲಿ, ಯಾವ ತಿಂಗಳಲ್ಲಿ ದೊರೆಯಿತೆಂಬುದೂ ಹೆಸರಿನೊಡನೆ ದಾಖಲಾಗಬೇಕು. ನಮ್ಮ ವಿದ್ಯಾರ್ಥಿಗಳಿಗೆ ಈ ಅಭ್ಯಾಸವನ್ನು ಮೊದಲಿನಿಂದಲೇ ಕಲಿಸಬೇಕು.

ಇಷ್ಟೊಂದು ಶ್ರಮವೇಕೆಂದು ಕೇಳುವವರು ಇರಬಹುದು. ಅನಿಲದ ಗಾತ್ರವನ್ನು ಬರೆದು, ಅದರ ಒತ್ತಡವನ್ನೂ ಉಷ್ಣತೆಯನ್ನೂ ಬರೆಯದೆ ಬಿಟ್ಟ ವಿದ್ಯಾರ್ಥಿಗೆ ನಾವು ಪ್ರಯೋಗಶಾಲೆಯಲ್ಲಿ ಅಂಕ ಕೊಡುವುದಿಲ್ಲ. ಕೀಟದ ಹೆಸರಿಗೂ ಅದೇ ನಿಯಮ ಸಲ್ಲಬೇಕು.