ಕಟಕಟ ಎನ್ನುವ ಸೈಕಲ್ಲು

ಮಕ್ಕಳೇ, ಪುಣೆಯ ಸಿಂಹಗಡದ ಘಾಟಿ ಹತ್ತುವಾಗ ನಿಮ್ಮ ಮೌಂಟನ್ ಬೈಕ್ ಕಟಕಟ ಎಂದರೆ ಕೂಡಲೇ ಎಣ್ಣೆ ಡಬ್ಬಿಗೆ ಕೈ ಹಾಕಬೇಡಿ. ಮೊದಲು ಕಿವಿಗೊಡಿ. ತುಳಿಯುವುದನ್ನು ನಿಲ್ಲಿಸಿದೊಡನೆ ಸದ್ದೂ ನಿಂತಿತೇ? ಪೆಡಲು, ಕ್ರ್ಯಾಂಕು, ಚೈನುಗಳನ್ನು ನೋಡಿ. ಎದ್ದು ನಿಂತು ತುಳಿದಾಗ ಮಾಯವಾಯಿತೇ? ಕಳ್ಳ ಸೀಟಿನ ಕೆಳಗೇ ಅಡಗಿರಬೇಕು. ಸೀಟಿನ ಕಂಬ ಹೊರತೆಗೆದು ಒರೆಸಿ, ಲೋಹದ್ದಾದರೆ ತೆಳುವಾಗಿ ಗ್ರೀಸು ಸವರಿ. ಫ್ರೇಮಿನ ಟೊಳ್ಳು ಕೊಳವೆಗಳಲ್ಲಿ ಸದ್ದು ಹರಿದಾಡಿ ಕಿವಿಗೆ ಮೋಸಮಾಡುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಭಾಗ ಬಿಚ್ಚಿ (ಹೊಲಿಗೆ ಯಂತ್ರಕ್ಕೂ ಇದೇ ಮಾತು).

ಡಿಸ್ಕ್ ಬ್ರೇಕಿಗೆ ಮಾತ್ರ ಎಣ್ಣೆ ತಾಗಿಸಲೇಬೇಡಿ. ಕಿರುಚಾಟ ಹೆಚ್ಚುವುದಲ್ಲದೆ ಇಳಿಜಾರಿನಲ್ಲಿ ಬ್ರೇಕು ಹಿಡಿಯದು. ಬೆಸುಗೆಯ ಬಳಿ ಕೂದಲೆಳೆಯಷ್ಟು ಬಿರುಕು ಕಂಡರೂ ಸವಾರಿ ಅಲ್ಲಿಗೇ ಸಾಕು, ತಳ್ಳಿಕೊಂಡೇ ಮನೆಗೆ ಬನ್ನಿ.